ಕೊಟ್ಟ ಕೈ ಕಾಣದ ಹಾಗೆ: ಊರಲ್ಲಿ 300 ಜನರ ದಾಸೋಹ ನಡೆಸುವ ಬಗೆ

ಮೊದಲು ಮನಸ್ಸು ಶುದ್ಧವಾಗಲಿ, ಸ್ವಾರ್ಥ ಹೋಗಲಿ, ಆಮೇಲೆ ಕೊಡೋಣ ಎಂದು ಕಾಯುತ್ತ ಕೂತರೆ ಯಾರೂ ಯಾರಿಗೂ ಒಂದು ಸೌಟು ಅನ್ನ ಬಡಿಸುವುದಿಲ್ಲ. ಇದು ಎಲ್ಲ ಧರ್ಮಗಳ ಹಿರಿಯರಿಗೂ ಗೊತ್ತಿತ್ತು. 'ನಾನು ಕೊಟ್ಟೆ' ಅನ್ನುವುದು ಎಷ್ಟು ಉಜ್ಜಿದರೂ ಬಿಡದ ಜಿಡ್ಡು. ಆದ್ದರಿಂದ ಅವರು ಮನಸ್ಸಿಗೆ ಬುದ್ಧಿ ಹೇಳಿದ್ದಲ್ಲದೆ ಕೈಗೂ ಕಟ್ಟುಪಾಡು ಹಾಕಿದರು. ಯಾರು ಕೊಟ್ಟರೆಂದು ತಿಳಿಯದ ಹಾಗೆ ಕೊಡು. ತಿರುಗಿ ಕೊಡಲಾರದವರನ್ನು ಕರೆ. ಎಲ್ಲರನ್ನೂ ಒಂದೇ ನೆಲದ ಮೇಲೆ ಕೂರಿಸು. ಕೊಟ್ಟದ್ದನ್ನು ಆಡಿ ತೋರಿಸಬೇಡ. ಕೈ ಹಾಗೆ ನಡೆದರೆ ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ.

ಈ ಕಟ್ಟುಪಾಡುಗಳನ್ನು ಒಂದು ಊಟದ ಏರ್ಪಾಡಿನಲ್ಲಿ ಹೇಗೆ ನಡೆಸಬಹುದು ಎಂಬುದನ್ನು ಇಲ್ಲಿ ಹೇಳಿದೆ. ಲೆಕ್ಕವೆಲ್ಲ ಹಾಸನ, ಚಿಕ್ಕಮಗಳೂರು ಕಡೆಯ ಒಂದು ಸಾಧಾರಣ ಊರಿನದು: 25 ಮನೆಗಳು ಸೇರಿಕೊಂಡು 300 ಜನಕ್ಕೆ ಒಂದು ಮಧ್ಯಾಹ್ನದ ಊಟ. ಬೇಲೂರು, ಮೂಡಿಗೆರೆ, ಸಕಲೇಶಪುರ, ಆಲೂರು ಸುತ್ತಿನ ಊರುಗಳಲ್ಲಿ ಲಿಂಗಾಯತರು, ಒಕ್ಕಲಿಗರು, ದಲಿತರು, ಮುಸ್ಲಿಮರು, ಕ್ರೈಸ್ತರು, ಅಲ್ಲಲ್ಲಿ ಜೈನರು, ತೋಟದ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಗಳಲ್ಲಿ ತಮಿಳರು, ಈಚೆಗೆ ಅಸ್ಸಾಮಿನಿಂದ ಬಂದವರು, ಎಲ್ಲರೂ ಇದ್ದಾರೆ. ಎಲ್ಲರೂ ಕೂತು ಉಣ್ಣಬಲ್ಲ ಊಟವಾಗಬೇಕಾದರೆ ಎಲ್ಲರ ಕಟ್ಟುಪಾಡೂ ಗೊತ್ತಿರಬೇಕು.

ಮುಯ್ಯಿ ಬೇರೆ, ದಾಸೋಹ ಬೇರೆ

ಶುರುಮಾಡುವ ಮೊದಲು ತಂಡದವರೆಲ್ಲ ಕೂತು ಒಂದು ಮಾತು ಬಗೆಹರಿಸಿಕೊಳ್ಳಬೇಕು: ಮಾಡುತ್ತಿರುವುದು ಮುಯ್ಯಿಯೋ, ದಾನವೋ, ದಾಸೋಹವೋ?

ಮುಯ್ಯಿ ನಮಗೆಲ್ಲ ಗೊತ್ತಿರುವುದೇ. ಮದುವೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು ಯಾರು ಎಷ್ಟು ಕೊಟ್ಟರೆಂದು ಬರೆದುಕೊಳ್ಳುತ್ತಾರೆ. ಅವರ ಮನೆ ಮದುವೆಗೆ ಅಷ್ಟನ್ನೋ ಒಂದು ಕೈ ಹೆಚ್ಚನ್ನೋ ತಿರುಗಿಸಬೇಕು. ಗದ್ದೆ ಕೆಲಸದ ಮುಯ್ಯಾಳೂ ಹಾಗೆಯೇ. ಇದು ಕೆಟ್ಟದ್ದಲ್ಲ, ಊರು ನಿಂತಿರುವುದೇ ಇದರ ಮೇಲೆ. ಆದರೆ ಇದು ನಿಸ್ವಾರ್ಥದ ಲೆಕ್ಕಕ್ಕೆ ಬರುವುದಿಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಗೆರೆ ಎಳೆದು ಹೇಳುತ್ತದೆ: ತಿರುಗಿ ಉಪಕಾರ ಮಾಡಲಾರದವನಿಗೆ, ಕೊಡಬೇಕು ಎಂಬ ಒಂದೇ ಕಾರಣಕ್ಕೆ ಕೊಟ್ಟದ್ದು ಸಾತ್ತ್ವಿಕ, ಪ್ರತ್ಯುಪಕಾರಕ್ಕಾಗಿ ಕೊಟ್ಟದ್ದು ರಾಜಸ, ಕಡೆಗಣಿಸಿ, ಅವಮಾನಿಸಿ ಕೊಟ್ಟದ್ದು ತಾಮಸ. ಲೂಕನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಯೇಸು ಊಟದ ವಿಷಯವಾಗಿಯೇ ಇದನ್ನು ಹೇಳುತ್ತಾನೆ: ಔತಣ ಮಾಡುವಾಗ ನೆಂಟರನ್ನೂ ಹಣವಂತ ನೆರೆಯವರನ್ನೂ ಕರೆಯಬೇಡ, ಅವರು ನಿನ್ನನ್ನು ತಿರುಗಿ ಕರೆದಾರು, ಬಡವರನ್ನು, ಊನವಾದವರನ್ನು, ಕುಂಟರನ್ನು, ಕುರುಡರನ್ನು ಕರೆ. ಕುರ್‌ಆನಿನ 76ನೆಯ ಅಧ್ಯಾಯದಲ್ಲಿ ಬಡವರಿಗೆ, ಅನಾಥರಿಗೆ, ಸೆರೆಯಾಳುಗಳಿಗೆ ಉಣಿಸುವವರ ಮಾತು ಬರುತ್ತದೆ: ಅಲ್ಲಾಹನಿಗಾಗಿ ಉಣಿಸುತ್ತಿದ್ದೇವೆ, ನಿಮ್ಮಿಂದ ಪ್ರತಿಫಲವೂ ಬೇಡ, ಕೃತಜ್ಞತೆಯೂ ಬೇಡ. ಮೂರೂ ಕಡೆ ಕೇಳುವ ಪ್ರಶ್ನೆ ಒಂದೇ: ತಿರುಗಿ ಏನು ಬರುತ್ತದೆ?

ಇನ್ನು ದಾನ ಮತ್ತು ದಾಸೋಹ. ದಾನದಲ್ಲಿ ಕೊಡುವವನು ಮೇಲಿರುತ್ತಾನೆ, ಪಡೆಯುವವನ ಕೈ ಕೆಳಗಿರುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು, ಶರಣರು ಈ ಎತ್ತರ ತಗ್ಗನ್ನು ತಿರುಗಿಸಿ ಹಾಕಿದರು. ಬಡಿಸುವವನು ದಾಸ, ಉಣ್ಣುವವನು ಶಿವನೇ ಆದ ಜಂಗಮ. ಅದಕ್ಕೂ ಮೊದಲು ಕಾಯಕ ಇರಬೇಕು. ದುಡಿಯದೆ ತಂದದ್ದು ದಾಸೋಹಕ್ಕೆ ಸಲ್ಲದು. ಚೆಲ್ಲಿದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡಿದ್ದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ 'ಈಸಕ್ಕಿಯಾಸೆ ನಿಮಗೇಕೆ' ಎಂದು ಕೇಳಿ, ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬರಲು ಕಳಿಸಿದಳು. ಆ ಅಕ್ಕಿಯೂ ದಾಸೋಹಕ್ಕೆಂದೇ ತಂದದ್ದು. ಒಳ್ಳೆಯ ಕೆಲಸದ ಹೆಸರಿನಲ್ಲೂ ಆಸೆ ಬೆಳೆಯುತ್ತದೆ ಎಂದು ಅವಳಿಗೆ ಕಂಡಿತು. ಅದಕ್ಕಾಗಿ ಮೊದಲೇ ಒಂದು ಮಿತಿ ಗೊತ್ತುಮಾಡಿಕೊಳ್ಳಿ. 300 ಅಂದರೆ 300. 'ಮುಂದಿನ ಸಲ ಸಾವಿರ ಜನಕ್ಕೆ ಮಾಡೋಣ' ಎನ್ನುವ ಮಾತು ತಂಡದಲ್ಲಿ ಬಂದರೆ ಅದು ಉಣ್ಣುವವರಿಗಾಗಿಯೋ ಹೆಸರಿಗಾಗಿಯೋ ಎಂದು ಬಾಯಿಬಿಟ್ಟು ಕೇಳಿ.

ಅಕ್ಕಿ ಸೇರಿಸುವುದು, ಹಣ ಸೇರಿಸುವುದು

ಅಕ್ಕಿಗೆ ಹಿಡಿ ಅಕ್ಕಿಯ ಕ್ರಮವೇ ಸರಿ. ದಿನಾ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕುವುದು. ಒಂದು ಹಿಡಿ ಸುಮಾರು 50 ಗ್ರಾಂ. 30 ದಿನಕ್ಕೆ ಒಂದೂವರೆ ಕೆಜಿ, 25 ಮನೆಗೆ ಮೂವತ್ತೇಳೂವರೆ ಕೆಜಿ. 300 ಜನರ ಊಟಕ್ಕೆ ಬೇಕಾದ ಅಕ್ಕಿ 36 ಕೆಜಿ. ಒಬ್ಬ ದೊಡ್ಡ ಮನುಷ್ಯ ಒಂದೂವರೆ ಮೂಟೆ ಅಕ್ಕಿ ಇಳಿಸಿ ಹೋದರೆ ಅದು ಅವನ ಊಟವಾಗುತ್ತದೆ. ಹೀಗೆ ಬಂದರೆ ಯಾರ ಊಟವೂ ಅಲ್ಲ, ಎಲ್ಲರದೂ ಹೌದು.

ಇಲ್ಲಿ ಕೆಡುವುದು ಅಕ್ಕಿಯ ಬೆರಕೆಯಲ್ಲಿ. ಕುಸುಬಲಕ್ಕಿ, ಹಳೆಯ ಸೋನಾ ಮಸೂರಿ, ಈ ವರ್ಷದ ಹೊಸ ಅಕ್ಕಿ, ರೇಷನ್ ಅಕ್ಕಿ, ಒಂದೊಂದು ಬೇಯಲು ಒಂದೊಂದು ಹೊತ್ತು. ಎಲ್ಲ ಒಂದೇ ಡಬರಿಗೆ ಸುರಿದರೆ ಹೊಸ ಅಕ್ಕಿ ಮುದ್ದೆಯಾಗಿ ಕುಸುಬಲಕ್ಕಿ ಗಟ್ಟಿಯಾಗಿಯೇ ಉಳಿಯುತ್ತದೆ. ವಾರಕ್ಕೊಮ್ಮೆ ಮನೆಮನೆಯಿಂದ ತರುವಾಗಲೇ ಮೂರು ಚೀಲ ಮಾಡಿ: ಕುಸುಬಲಕ್ಕಿ ಒಂದು, ಹೊಸದು ಒಂದು, ಹಳೆಯದು ಮತ್ತು ರೇಷನ್ನಿನದು ಒಂದು. ಒಂದೊಂದು ಸಲಕ್ಕೆ ಒಂದೊಂದು ಚೀಲದಿಂದ ಅನ್ನ ಮಾಡಿ. ರೇಷನ್ ಅಕ್ಕಿಯಲ್ಲಿ ಅಲ್ಲಲ್ಲಿ ಬಣ್ಣ ಬೇರೆಯಾದ, ನೀರಲ್ಲಿ ತೇಲುವ ಕಾಳು ಸಿಗುತ್ತದೆ. ಅದು ಪ್ಲಾಸ್ಟಿಕ್ ಅಲ್ಲ, ಕಬ್ಬಿಣಾಂಶ ಸೇರಿಸಿ ಮಾಡಿದ ಸಾರವರ್ಧಿತ ಕಾಳು, ಆರಿಸಿ ಎಸೆಯಬೇಡಿ. ನುಸಿ ಬಿದ್ದಿದ್ದರೆ ತೆಳ್ಳಗೆ ಹರಡಿ ಒಂದು ಗಂಟೆ ಬಿಸಿಲಿಗಿಟ್ಟು ಕೇರಿ. ಮಳೆಗಾಲದ ಮಲೆನಾಡಿನಲ್ಲಿ ಆ ಬಿಸಿಲೇ ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿ ಅಕ್ಕಿ ಬಿಟ್ಟು ಕೊನೆಯ ವಾರ ಅಂಗಡಿಯಿಂದಲೇ ತರುವುದು ಲೇಸು.

ಬೇಳೆ, ಬೆಲ್ಲ, ಕಾಯಿ, ಗ್ಯಾಸಿಗೆ ಹಣ ಬೇಕು. ಹಣಕ್ಕೆ ಮುಚ್ಚಿದ ಪೆಟ್ಟಿಗೆ ಇಡಿ: ಮೇಲೆ ಕೈ ತೂರುವಷ್ಟು ರಂಧ್ರ, ಅದಕ್ಕೆ ಬಟ್ಟೆಯ ತೋಳು. ಸಭೆ ಸೇರಿದಾಗ ಪೆಟ್ಟಿಗೆ ಎಲ್ಲರ ಮುಂದೆ ಹಾಯಬೇಕು, ಎಲ್ಲರೂ ಮುಷ್ಟಿ ಕಟ್ಟಿ ಕೈ ತೂರಿಸಬೇಕು. ಇದ್ದವರು ಹಾಕುತ್ತಾರೆ, ಇಲ್ಲದವರು ಬರಿ ಕೈ ತೆಗೆಯುತ್ತಾರೆ, ನೋಡುವವರಿಗೆ ಎರಡೂ ಒಂದೇ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದು ಮತ್ತಾಯನ ಸುವಾರ್ತೆಯಲ್ಲೂ ಇದೆ, ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಹದೀಸಿನಲ್ಲೂ, ಅಂದರೆ ಪ್ರವಾದಿ ಮುಹಮ್ಮದರ ನಡೆನುಡಿಗಳ ಸಂಗ್ರಹದಲ್ಲೂ ಇದೆ. ಜೆರುಸಲೇಮಿನ ದೇವಾಲಯದಲ್ಲಿ ಇದಕ್ಕೆಂದೇ ಒಂದು ಗುಟ್ಟಿನ ಕೋಣೆ ಇತ್ತೆಂದು ಯಹೂದ್ಯರ ಪರಂಪರೆ ಹೇಳುತ್ತದೆ: ಉಳ್ಳವರು ಒಳಗೆ ಹೋಗಿ ಇಟ್ಟು ಬರುತ್ತಿದ್ದರು, ಇಲ್ಲದವರು ಒಳಗೆ ಹೋಗಿ ತೆಗೆದುಕೊಂಡು ಬರುತ್ತಿದ್ದರು.

ಆನ್‌ಲೈನ್ ಪಾವತಿಯಲ್ಲಿ ಹೆಸರು ಬಂದೇ ಬರುತ್ತದೆ. ಅದಕ್ಕೆ ಒಬ್ಬರೇ ಒಬ್ಬ ಖಜಾಂಚಿ ಇರಲಿ, ಅವರ ಫೋನ್‌ಗೆ ಮಾತ್ರ ಬರಲಿ, ಮೊತ್ತ ಹೇಳಲಿ, ಹೆಸರು ಹೇಳದಿರಲಿ. ವಾಟ್ಸಾಪ್ ಗುಂಪಿನಲ್ಲಿ 'ಇಂಥವರಿಂದ ಇಷ್ಟು, ಧನ್ಯವಾದ' ಎಂದು ಹಾಕಿದ ಗಳಿಗೆಗೇ ಅದು ಮುಯ್ಯಿ ಪುಸ್ತಕವಾಯಿತು. ಮರುದಿನದಿಂದ ಕಡಿಮೆ ಕೊಡುವವರು ಕೊಡುವುದನ್ನೇ ಬಿಡುತ್ತಾರೆ.

ಮುಸ್ಲಿಂ ಮನೆಗಳಿಂದ ಹಣ ಬಂದಾಗ ಒಂದು ಎಚ್ಚರ. ಜಕಾತ್ ಎಂದರೆ ಕಡ್ಡಾಯವಾಗಿ ಕೊಡಬೇಕಾದದ್ದು: ಉಳಿತಾಯ ಗೊತ್ತಾದ ಮಿತಿ ಮೀರಿ ಒಂದು ವರ್ಷ ಕೈಯಲ್ಲಿದ್ದರೆ ಅದರ ನಲವತ್ತರಲ್ಲಿ ಒಂದು ಪಾಲು, ಎರಡೂವರೆ ಶೇಕಡ. ಅದು ಯಾರಿಗೆ ಸಲ್ಲಬೇಕೆಂದು ಕುರ್‌ಆನ್ ಎಂಟು ವರ್ಗ ಹೇಳಿದೆ. ಉಳ್ಳವರೂ ಕೂತು ಉಣ್ಣುವ ಊಟಕ್ಕೆ ಆ ಹಣ ಬಳಸುವಂತಿಲ್ಲ. ಇಂಥದ್ದಕ್ಕೆ ಸದಕಾ, ಅಂದರೆ ತಾವಾಗಿ ಇಷ್ಟಪಟ್ಟು ಕೊಟ್ಟದ್ದು, ಸಲ್ಲುತ್ತದೆ. 'ಇದು ಸದಕಾನಾ, ಜಕಾತಾ?' ಎಂದು ಖಜಾಂಚಿ ಒಬ್ಬರೇ, ಮೆಲ್ಲಗೆ ಕೇಳಿಬಿಡುವುದು ಕೊಟ್ಟವರಿಗೆ ಕೊಡುವ ಗೌರವ.

ದಿನ, ಹೊತ್ತು, ಕರೆಯುವ ಮಾತು

ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಮೊದಲ ಪಂಕ್ತಿ. ಅಷ್ಟರಲ್ಲಿ ಇಗರ್ಜಿಯ ಪೂಜೆ ಮುಗಿದಿರುತ್ತದೆ, ಜುಮ್ಮಾದ ಅಡ್ಡಿಯಿಲ್ಲ, ಜೈನರಿಗೆ ಹೊತ್ತು ಮುಳುಗುವ ಮೊದಲೇ ಊಟವಾಗುತ್ತದೆ. ಪಂಚಾಂಗ ನೋಡಿ ಏಕಾದಶಿ ಬಿಡಿ. ರಂಜಾನ್ ತಿಂಗಳು ಪೂರ್ತಿ ಬಿಡಿ. ಜೈನರ ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಎಷ್ಟೋ ಜನ ಉಪವಾಸ ಅಥವಾ ಒಪ್ಪೊತ್ತು ಇರುತ್ತಾರೆ, ಅದನ್ನೂ ಬಿಡಿ. ಕಾಫಿ ಕೊಯ್ಲಿನ ದಿನಗಳಲ್ಲಿ ವಾರದ ನಡುವೆ ಇಟ್ಟರೆ ಕೂಲಿ ಬಿಟ್ಟು ಬರಬೇಕಾದವರಿಗೆ ನಷ್ಟ. ಒಂದು ಊಟಕ್ಕಾಗಿ ದಿನದ ದುಡಿಮೆ ಕಳೆದರೆ ಅದು ನಾವು ಅವರಿಂದ ತೆಗೆದುಕೊಂಡ ಹಾಗೆ.

ಕರೆಯುವುದು ಮನೆಮನೆಗೆ ಹೋಗಿಯೇ. ಮೈಕಿನಲ್ಲಿ ಕೂಗಬೇಡಿ, 'ಬಡವರಿಗೆ ಅನ್ನದಾನ' ಎಂಬ ಫ್ಲೆಕ್ಸ್ ಬೇಡವೇ ಬೇಡ. ಆ ಒಂದು ಸಾಲು ಕಟ್ಟಿದರೆ ನಿಜಕ್ಕೂ ಹಸಿದ, ಮರ್ಯಾದೆ ಇರುವ ಮನುಷ್ಯ ಆ ಬೀದಿಗೇ ಬರುವುದಿಲ್ಲ. ಹೇಳುವ ಮಾತು ಇಷ್ಟು ಸಾಕು: 'ಭಾನುವಾರ ಮಧ್ಯಾಹ್ನ ಊರವರೆಲ್ಲ ಒಟ್ಟಿಗೆ ಊಟ ಮಾಡ್ತಿದೀವಿ ಕಣಕ್ಕ, ಮನೆಮಂದಿ ಎಲ್ಲಾ ಬನ್ನಿ. ಬರ್ತಾ ಒಂದು ಈಳಿಗೆ ಮಣೆ ತಂದ್ರೆ ಕೋಸಂಬರಿಗೆ ಒಂದು ಕೈ ಆಗುತ್ತೆ.' ಈ ಕೊನೆಯ ವಾಕ್ಯವೇ ಮುಖ್ಯ. ಕೆಲಸಕ್ಕೆ ಕರೆದರೆ ಆಕೆ ಅತಿಥಿಯೂ ಹೌದು, ಊಟ ಹಾಕುವವಳೂ ಹೌದು, ಬರಿ ಪಡೆಯುವವಳು ಅನ್ನಿಸುವುದಿಲ್ಲ. ಇದೇ ಮಾತನ್ನು ಎಸ್ಟೇಟ್ ಮಾಲೀಕರ ಮನೆಯಲ್ಲೂ ಹೇಳಬೇಕು, ಲೈನ್ ಮನೆಯಲ್ಲೂ ಹೇಳಬೇಕು. ಅಸ್ಸಾಮಿನವರ ಲೈನಿಗೆ ಹಿಂದಿ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಎಲ್ಲರಿಗೂ ಸಲ್ಲುವ ಅಡುಗೆ

ಯಾರ ಕಟ್ಟುಪಾಡು ಎಲ್ಲಕ್ಕಿಂತ ಬಿಗಿಯೋ ಅವರಿಗೆ ಸರಿಹೊಂದುವ ಅಡುಗೆಯನ್ನೇ ಎಲ್ಲರಿಗೂ ಮಾಡಿ. 'ಜೈನರಿಗೆ ಬೇರೆ ಪಾತ್ರೆ' ಎಂದು ಮಾಡಿದರೆ ಪಂಕ್ತಿ ಒಡೆಯುತ್ತದೆ. ಮಾಂಸ, ಮೊಟ್ಟೆ, ಜೇನು ಇಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಗೆಣಸು ಇಲ್ಲ. ಆಲೂಗೆಡ್ಡೆಗೆ ಹೆಸರಾದ ಹಾಸನದಲ್ಲಿ ಆಲೂಗೆಡ್ಡೆಯಿಲ್ಲದ ಹುಳಿಯೇ ಎಂದು ಅಡುಗೆಯವರು ಕೇಳುತ್ತಾರೆ, ಕೇಳಲಿ. ಹಸಿ ಶುಂಠಿಯೂ ನೆಲದಡಿಯದೇ, ಮಜ್ಜಿಗೆಗೆ ಕರಿಬೇವು, ಕೊತ್ತಂಬರಿ ಸಾಕು; ಒಣ ಶುಂಠಿ, ಅರಿಶಿನ ಪುಡಿ ನಡೆಯುತ್ತದೆ. ಬದನೆಕಾಯಿಯನ್ನೂ ಹೂಕೋಸನ್ನೂ ಅನೇಕರು ಬಿಡುತ್ತಾರೆ. ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಕುಡಿಯುವುದನ್ನು ಕುದಿಸಿ ಆರಿಸಿ.

300 ಜನಕ್ಕೆ ಬೇಕಾದದ್ದು: ಅಕ್ಕಿ 36 ಕೆಜಿ. ಹುಳಿಗೆ ತೊಗರಿಬೇಳೆ 7 ಕೆಜಿ, ಸಿಹಿಗುಂಬಳ ಮತ್ತು ಸೌತೆ ಸೇರಿ 20 ಕೆಜಿ, ಹುಣಸೆಹಣ್ಣು 700 ಗ್ರಾಂ, ಹುಳಿಪುಡಿ 700 ಗ್ರಾಂ, ಉಪ್ಪು ಮುಕ್ಕಾಲು ಕೆಜಿಯಿಂದ ಶುರುಮಾಡಿ ರುಚಿ ನೋಡಿ. ಹುರುಳಿಕಾಯಿ ಪಲ್ಯಕ್ಕೆ 15 ಕೆಜಿ. ಕೋಸಂಬರಿಗೆ ಹೆಸರುಬೇಳೆ ಎರಡೂವರೆ ಕೆಜಿ, ಎಳೆ ಸೌತೆ 6 ಕೆಜಿ. ಪಾಯಸಕ್ಕೆ ಹೆಸರುಬೇಳೆ 5 ಕೆಜಿ, ಬೆಲ್ಲ ಏಳೂವರೆ ಕೆಜಿ, ತೆಂಗಿನಕಾಯಿ 25; ಪಲ್ಯ, ಕೋಸಂಬರಿಗೆ ಇನ್ನು 12 ಕಾಯಿ. ಮೊಸರು 15 ಲೀಟರ್, ಅದಕ್ಕೆ ಎರಡರಷ್ಟು ನೀರು ಬೆರೆಸಿದರೆ 45 ಲೀಟರ್ ಮಜ್ಜಿಗೆ. ಎಣ್ಣೆ 3 ಲೀಟರ್. ಎಲೆ 330, ಪಾಯಸಕ್ಕೆ ದೊನ್ನೆ 330. ತೊಳೆಯುವುದೂ ಸೇರಿ ನೀರು 1500 ಲೀಟರ್. ಹತ್ತೊಂಬತ್ತು ಕೆಜಿಯ ಗ್ಯಾಸ್ ಸಿಲಿಂಡರ್ ಎರಡು, ಒಂದು ಮುಗಿಯುವ ಹೊತ್ತಿಗೆ ಹುಡುಕಾಟ ಬೇಡ.

ಮುದ್ದೆಯಿಲ್ಲದೆ ಊಟವಾಗದ ಹಿರಿಯರಿಗೆ ಬೇಕೆನಿಸಿದರೆ 10 ಕೆಜಿ ರಾಗಿಹಿಟ್ಟಿನಲ್ಲಿ ನಡುಗಾತ್ರದ ನೂರು ಮುದ್ದೆ ಆಗುತ್ತದೆ. ಆದರೆ ಮುದ್ದೆ ಆರಿದರೆ ಗಟ್ಟಿ, ಪಂಕ್ತಿ ಕೂತ ಮೇಲೇ ತೊಳಸಬೇಕು, ಅದಕ್ಕೆ ಇಬ್ಬರು ಗಟ್ಟಿಗರು ಬೇರೆ ಬೇಕು.

ಅನ್ನವನ್ನು ಒಮ್ಮೆಗೇ ಮಾಡಬೇಡಿ. 75 ಜನರ ನಾಲ್ಕು ಪಂಕ್ತಿ ಅಂದುಕೊಂಡು, ಪಂಕ್ತಿಗೆ 9 ಕೆಜಿಯಂತೆ ನಾಲ್ಕು ಸಲ ಮಾಡಿ. ಬಸಿಯುವ ಅನ್ನಕ್ಕೆ ಅಕ್ಕಿಯ ನಾಲ್ಕು ಪಟ್ಟು ನೀರು, ಅಂದರೆ 36 ಲೀಟರ್. ನೀರು ಕೊತಕೊತ ಕುದಿಯುವಾಗ ಅಕ್ಕಿ ಹಾಕಿ, ಒಂದು ಅಗುಳು ಹಿಸುಕಿದಾಗ ನಡುವೆ ಬಿಳಿ ಚುಕ್ಕೆಯಷ್ಟು ಗಟ್ಟಿ ಉಳಿದಿರುವಾಗಲೇ ಬಸಿಯಿರಿ. ಉಳಿದದ್ದು ಹಬೆಯಲ್ಲಿ ಬೇಯುತ್ತದೆ. ಇಪ್ಪತ್ತು ಕೆಜಿ ಒಟ್ಟಿಗೆ ಹಾಕಿದರೆ ಮೇಲಿನದರ ಭಾರಕ್ಕೆ ಅಡಿಯದು ಅಂಟಾಗಿ ಹತ್ತುತ್ತದೆ, ಮೇಲಿನದು ಬೇಯುವುದಿಲ್ಲ. ನಾಲ್ಕು ಸಲ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೂರನೆಯ ಪಂಕ್ತಿ ಕೂತಾಗ ಹೊರಗೆ ಕಾಯುತ್ತಿರುವ ತಲೆ ಎಣಿಸಿ ಕೊನೆಯ ಅಕ್ಕಿ ಹಾಕಬಹುದು. ಉಳಿದರೆ ಅಕ್ಕಿಯಾಗಿ ಉಳಿಯುತ್ತದೆ, ಅನ್ನವಾಗಿ ಹಳಸುವುದಿಲ್ಲ.

ಪಾಯಸ ಒಡೆಯುವುದು ಎರಡು ಕಾರಣಕ್ಕೆ. ಕುದಿಯುವ ಬೆಲ್ಲಕ್ಕೆ ಹಾಲು ಸುರಿದರೆ ಒಡೆಯುತ್ತದೆ. ಕಾಯಿಹಾಲು ಹಾಕಿದ ಮೇಲೆ ಮತ್ತೆ ಕುದಿಸಿದರೆ ಎಣ್ಣೆ ಬಿಟ್ಟು ಬೇರೆಯಾಗುತ್ತದೆ. ಬೇಳೆ ಬೆಂದು, ಬೆಲ್ಲ ಕರಗಿ ಕುದಿದ ಮೇಲೆ ಉರಿ ಆರಿಸಿ, ಐದು ನಿಮಿಷ ಬಿಟ್ಟು ಗಟ್ಟಿ ಕಾಯಿಹಾಲು ಬೆರೆಸಿ. ಹಾಲು ಬೇಡವೇ ಬೇಡ. ಕಾಯಿ ಬಿದ್ದದ್ದು ಬಿಸಿಲು ದಿನದಲ್ಲಿ ನಾಲ್ಕೇ ತಾಸಿನಲ್ಲಿ ಹುಳಿಯತೊಡಗುತ್ತದೆ, ಆದ್ದರಿಂದ ಹತ್ತೂವರೆಗೆ ಮೊದಲು ಕಾಯಿಹಾಲು ಹಾಕಬೇಡಿ. ಹುಳಿಯನ್ನು ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಮಾಡಲೇಬಾರದು. ಹುಣಸೆ ಹುಳಿ ಲೋಹ ತಿಂದು ಕಿಲುಬಾಗಿ ವಾಂತಿ ಭೇದಿ ಆಗುತ್ತದೆ. ಬಾಡಿಗೆಗೆ ತರುವಾಗ ಪಾತ್ರೆಯೊಳಗೆ ಕೈಯಾಡಿಸಿ ನೋಡಿ: ಬೆಳ್ಳಗೆ ಹೊಳೆಯುತ್ತಿದ್ದರೆ ಕಲಾಯಿ ಇದೆ, ಕೆಂಪೋ ಹಳದಿಯೋ ಇಣುಕುತ್ತಿದ್ದರೆ ವಾಪಸು ಕೊಡಿ.

ಪಂಕ್ತಿ

ಸಿಖ್ಖರ ಲಂಗರಿನಲ್ಲಿ, ಅಂದರೆ ಗುರುದ್ವಾರದಲ್ಲಿ ಎಲ್ಲರಿಗೂ ಹಾಕುವ ಊಟದಲ್ಲಿ, ಉಣ್ಣಲು ಕೂರುವ ಸಾಲಿಗೆ ಪಂಗತ್ ಎನ್ನುತ್ತಾರೆ, ನಮ್ಮ ಪಂಕ್ತಿಯೇ. ಗುರುನಾನಕರಿಂದ ಬಂದ ಈ ಪದ್ಧತಿಯನ್ನು ಮೂರನೆಯ ಗುರು ಅಮರದಾಸರು ಗಟ್ಟಿಮಾಡಿದರು: ಮೊದಲು ಪಂಗತ್, ಆಮೇಲೆ ಸಂಗತ್. ಗುರುವನ್ನು ಕಾಣಬೇಕಾದವರು ಮೊದಲು ಎಲ್ಲರ ಜೊತೆ ನೆಲದ ಮೇಲೆ ಕೂತು ಉಣ್ಣಬೇಕು. ಅಕ್ಬರನೂ ಹಾಗೆ ಉಂಡನೆಂದು ಅವರ ಪರಂಪರೆ ನೆನೆಯುತ್ತದೆ. ನಮ್ಮಲ್ಲಿ ಬೀದರಿನ ನಾನಕ್ ಝಿರಾ ಗುರುದ್ವಾರದಲ್ಲಿ ಲಂಗರನ್ನು ನೋಡಬಹುದು. ಹತ್ತಿರದಲ್ಲಿ ಹೊರನಾಡಿನ ಅನ್ನಪೂರ್ಣೇಶ್ವರಿ ಸನ್ನಿಧಿಯಿದೆ, ಬಂದವರಿಗೆಲ್ಲ ಊಟ ಹಾಕುವ ಜಾಗ. ಬಡಿಸುವವರು ಅಲ್ಲಿಗೆ ಒಮ್ಮೆ ಹೋಗಿ ಉಂಡು, ಸಾಲುಗಳನ್ನು ಹೇಗೆ ಸಾಗಿಸುತ್ತಾರೆಂದು ನೋಡಿ ಬಂದರೆ ಒಳ್ಳೆಯದು.

ಕೂರುವುದು ಬಂದ ವರಸೆಯಲ್ಲಿ, ಬೇರೆ ಲೆಕ್ಕವಿಲ್ಲ. ಕೆಳಗೆ ಕೂರಲಾಗದವರಿಗೆ ಬೆಂಚನ್ನು ಅದೇ ಸಾಲಿನ ತುದಿಗೆ ಹಾಕಿ; ಬೇರೆ ಕಡೆ ಮೇಜು ಹಾಕಿದರೆ ಅರ್ಧ ಗಂಟೆಯಲ್ಲಿ ಅದು ದೊಡ್ಡವರ ಮೇಜಾಗಿರುತ್ತದೆ. ಜಾತಿಯ ಮೇಲೆ ಬೇರೆ ಪಂಕ್ತಿ ಹಾಕುವುದು ಕಾನೂನಿನ ಪ್ರಕಾರ ಅಪರಾಧ, 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆ ಇದೆ. ಕಾನೂನಿನ ಮಾತು ಬರುವ ಮೊದಲೇ ಅಡುಗೆಯ ತಂಡದಲ್ಲಿ ಎಲ್ಲ ಕೇರಿಯವರೂ ಇರುವ ಹಾಗೆ ನೋಡಿಕೊಳ್ಳಿ, ಅದನ್ನು ಮುಚ್ಚಿಡಬೇಡಿ. ಇಂಥವರು ಬಡಿಸಿದರೆ ಉಣ್ಣೆವು ಎನ್ನುವ ಒಂದೆರಡು ಮನೆ ಇರಬಹುದು. ಜಗಳ ಬೇಡ, ಒತ್ತಾಯ ಬೇಡ, ಆದರೆ ಅವರಿಗಾಗಿ ಪಡಿ ಅಕ್ಕಿ ಬೇಳೆ ಬೇರೆ ಕಳಿಸುವುದೂ ಬೇಡ. ವ್ರತದವರಿಗೆ, ಕಾಯಿಲೆಯವರಿಗೆ ಪಡಿ ಕಳಿಸಿ, ಅದು ಬೇರೆ ಮಾತು.

75 ಜನರ ಪಂಕ್ತಿಗೆ ಹತ್ತು ಜನ ಬಡಿಸುವವರು ಸಾಕು: ಅನ್ನಕ್ಕೆ ಇಬ್ಬರು, ಹುಳಿಗೆ ಇಬ್ಬರು, ಉಪ್ಪು ಕೋಸಂಬರಿ ಪಲ್ಯಕ್ಕೆ ಮೂವರು, ಪಾಯಸಕ್ಕೆ ಒಬ್ಬರು, ನೀರು ಮಜ್ಜಿಗೆಗೆ ಇಬ್ಬರು. ಬಾಳೆಲೆಯ ತುದಿ ಕೂತವರ ಎಡಕ್ಕೆ ಬರಬೇಕು. ಮೊದಲು ಉಪ್ಪು, ಆಮೇಲೆ ಕೋಸಂಬರಿ, ಪಲ್ಯ, ಕೊನೆಗೆ ಅನ್ನ. ಸೊಂಟ ಬಗ್ಗಿಸಿ, ಸೌಟು ಎಲೆಗೆ ತಾಗದಂತೆ ಒಂದು ಗೇಣು ಮೇಲಿಂದ ಬಡಿಸಬೇಕು. ನಿಂತಲ್ಲಿಂದ ಎಸೆದ ಅನ್ನ ಗೀತೆ ಹೇಳುವ ತಾಮಸಕ್ಕೆ ಸೇರಿದ್ದು. ಮೊದಲ ಸಲ ಸ್ವಲ್ಪವೇ ಹಾಕಿ, ಎರಡನೆಯ ಸಲ ತಪ್ಪದೆ ಬನ್ನಿ. 'ಸಾಕಾ?' ಎಂದು ಕೇಳಿದರೆ ನಾಚಿಕೆಯವರು ಸಾಕು ಎನ್ನುತ್ತಾರೆ. 'ಇನ್ನೊಂಚೂರು ಹಾಕ್ಲಾ ಅಜ್ಜಿ?' ಎಂದು ಸೌಟು ಹಿಡಿದೇ ಕೇಳಿ.

ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, 'ಅತಿಥಿ ದೇವೋ ಭವ' ಬರುವಲ್ಲೇ, 'ಹ್ರಿಯಾ ದೇಯಮ್' ಎಂದಿದೆ. ನಾಚಿಕೆಯಿಂದ ಕೊಡು, ಸಂಕೋಚದಿಂದ ಕೊಡು. ಸಂಕೋಚ ಪಡೆಯುವವನದಲ್ಲ, ಕೊಡುವವನದು. ಬಡಿಸುವವರಿಗೆ ಬೆಳಿಗ್ಗೆ ಈ ಒಂದು ಮಾತು ಹೇಳಿದರೆ ಫೋಟೋ ತೆಗೆಯಬೇಡಿ, ಭಾಷಣ ಬೇಡ ಎಂದು ಬೇರೆ ಹೇಳಬೇಕಾಗಿಲ್ಲ. ಉಂಡವರು ಎದ್ದು 'ಯಾರು ಮಾಡ್ಸಿದ್ದು ಅಣ್ಣಾ?' ಎಂದು ಕೇಳಿಯೇ ಕೇಳುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಉತ್ತರ ಇರಲಿ: 'ಊರವರು ಕಣಮ್ಮ, ನೀವೂ ಸೇರಿ.'

ಬೌದ್ಧರ ಮಹಾಯಾನದಲ್ಲಿ ಇದನ್ನು ಇನ್ನೂ ಆಳಕ್ಕೆ ಒಯ್ದಿದ್ದಾರೆ. ಕೊಡುವವನು, ಕೊಟ್ಟ ವಸ್ತು, ಪಡೆದವನು, ಈ ಮೂರರಲ್ಲಿ ಯಾವುದನ್ನೂ ಗಟ್ಟಿಯಾಗಿ ಹಿಡಿಯದೆ ಕೊಟ್ಟದ್ದೇ ದಾನಪಾರಮಿತೆ. ನಾನು ಎಂಬುದೇ ನಿಲ್ಲದ ಪ್ರವಾಹವಾದರೆ 'ನಾನು ಕೊಟ್ಟೆ' ಎಲ್ಲಿಂದ ಬಂತು ಎಂಬ ವಿಚಾರ ಅದು. ಬಡಿಸುವ ಗಡಿಬಿಡಿಯಲ್ಲಿ ಇದನ್ನು ಧ್ಯಾನಿಸಲಾಗದು, ಆದರೆ ಒಂದು ಉಪಾಯವಿದೆ: ಪ್ರತಿ ಪಂಕ್ತಿಗೂ ಕೆಲಸ ಬದಲಿಸಿ. ಉಂಡವರಲ್ಲಿ ಹತ್ತು ಜನ ಮುಂದಿನ ಪಂಕ್ತಿಗೆ ಬಡಿಸಲಿ, ಬಡಿಸಿದವರು ಕೂರಲಿ. ಎರಡನೆಯ ಪಂಕ್ತಿ ಮುಗಿಯುವಷ್ಟರಲ್ಲಿ ಯಾರು ಕೊಟ್ಟವರು, ಯಾರು ಉಂಡವರು ಎಂದು ಬಿಡಿಸಿ ಹೇಳಲಾಗುವುದಿಲ್ಲ.

ದಣಿವು, ಹೆಮ್ಮೆ, ಉಳಿಕೆ

ಇಂಥ ಕೆಲಸಗಳು ಹೆಚ್ಚಾಗಿ ಒಬ್ಬಿಬ್ಬರ ಮೈಮೇಲೆ ಬಿದ್ದು ಕೆಡುತ್ತವೆ. ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಿದವರು ಸಂಜೆ ನಾಲ್ಕರವರೆಗೆ ಏನೂ ತಿನ್ನದೆ ದುಡಿಯುವುದನ್ನು ನಮ್ಮಲ್ಲಿ ತ್ಯಾಗ ಎಂದು ಮೆಚ್ಚುತ್ತಾರೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಕ್ಕ ಒಂದು ಗರುಡಗಂಬವಿದೆ. ದೊರೆ ಎರಡನೆಯ ವೀರಬಲ್ಲಾಳ ತೀರಿಕೊಂಡಾಗ ತಾನೂ ಪ್ರಾಣ ಬಿಟ್ಟ ಅವನ ದಂಡನಾಯಕ ಕುವರ ಲಕ್ಷ್ಮನ ನೆನಪಿನದು. ಒಡೆಯನಿಗಾಗಿ ತನ್ನನ್ನೇ ಅಳಿಸಿಕೊಳ್ಳುವುದು ಆ ಕಾಲದ ನಿಸ್ವಾರ್ಥ. ಆದರೆ ಅದೇ ಅಳತೆಯನ್ನು ಅಡುಗೆಮನೆಗೆ ತರುವುದು ತಪ್ಪು. ನಿನ್ನ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂದು ಪ್ರವಾದಿ ಮುಹಮ್ಮದರ ಮಾತು ಹದೀಸಿನಲ್ಲಿದೆ. ಬುದ್ಧನೂ ಮೈ ಸವೆಸುವ ತಪಸ್ಸನ್ನು ಬಿಟ್ಟು ನಡುದಾರಿ ಹಿಡಿದ. ಹಸಿದ ಅಡುಗೆಯವರು ಸಿಡುಕುತ್ತಾರೆ, ಉಪ್ಪು ಎರಡು ಸಲ ಹಾಕುತ್ತಾರೆ, ಕುದಿಯುವ ಗಂಜಿ ಬಸಿಯುವಾಗ ಕೈ ಸುಟ್ಟುಕೊಳ್ಳುತ್ತಾರೆ. ಏಳು ಗಂಟೆಗೆ ಅವರಿಗೆ ಉಪ್ಪಿಟ್ಟು ಕಾಫಿ ಆಗಲೇಬೇಕು, ನಾಲ್ಕು ಗಂಟೆಗೊಮ್ಮೆ ಆಳು ಬದಲಾಗಬೇಕು.

ಹೆಮ್ಮೆಯ ವಿಷಯಕ್ಕೆ ಹಾಸನದವರಿಗೆ ದೂರ ಹೋಗಬೇಕಿಲ್ಲ. ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ಸುಮಾರು 58 ಅಡಿಯ ಗೊಮ್ಮಟನನ್ನು ನಿಲ್ಲಿಸಿ ಅಭಿಷೇಕ ಮಾಡಿಸಿದ. ಕೊಡಗಟ್ಟಲೆ ಹಾಲು ಸುರಿದರೂ ಅದು ಸೊಂಟದಿಂದ ಕೆಳಕ್ಕೆ ಇಳಿಯಲಿಲ್ಲವಂತೆ. ಒಬ್ಬ ಮುದುಕಿ ಗುಳ್ಳಕಾಯಿಯಷ್ಟು ಚಿಕ್ಕದರಲ್ಲಿ ತಂದ ಹಾಲು ಹೊಯ್ದಾಗ ನೆತ್ತಿಯಿಂದ ಪಾದದವರೆಗೆ ಹರಿಯಿತಂತೆ. ಗೊಮ್ಮಟನ ಎದುರಿಗೇ ಆ ಗುಳ್ಳಕಾಯಜ್ಜಿಯ ವಿಗ್ರಹವಿದೆ, ಕೈಯಲ್ಲಿ ಆ ಪುಟ್ಟ ಕಾಯಿ ಹಿಡಿದು ನಿಂತಿದ್ದಾಳೆ. ಮಾಡಿಸಿದವನ ಎದುರಿಗೆ ಹೆಸರಿಲ್ಲದವಳನ್ನು ನಿಲ್ಲಿಸಿದ ಜನ ನಮ್ಮವರೇ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಜೈನರು ದಾನವನ್ನು ನಾಲ್ಕು ಮಾಡಿದ್ದಾರೆ. ಆಹಾರದ ಜೊತೆಗೇ ಅಭಯವನ್ನೂ ಎಣಿಸಿದ್ದನ್ನು ಗಮನಿಸಿ: ಉಣ್ಣಲು ಬಂದವನಿಗೆ ಅಂಜಿಕೆ ಇರಕೂಡದು.

ಅನ್ನ ಉಳಿದರೆ ಒಂದು ಗಂಟೆಯೊಳಗೆ ಬಿಸಿಯಾಗಿರುವಾಗಲೇ ಹಂಚಿ. ಬೇಯಿಸಿ ನಾಲ್ಕು ಗಂಟೆ ಆದದ್ದನ್ನು ಯಾರಿಗೂ ಕೊಡಬೇಡಿ. ಬಡವರಲ್ಲವೇ, ತಿಂದಾರು ಎಂದು ಆರಿದ್ದನ್ನು ಕಳಿಸುವುದು ಮಾಡಿದ್ದನ್ನೆಲ್ಲ ಹಾಳುಮಾಡುತ್ತದೆ. ಹಸುವಿಗೆ ಪುಟ್ಟಿಗಟ್ಟಲೆ ಅನ್ನ ಸುರಿಯಬೇಡಿ, ಹೊಟ್ಟೆಯೊಳಗೆ ಹುಳಿತು ಉಬ್ಬರಿಸಿ ಪ್ರಾಣಕ್ಕೇ ಬರುತ್ತದೆ. ಗಂಜಿ ತಿಳಿಯನ್ನು ಆರಿಸಿ ಕಲಗಚ್ಚಿನ ಜೊತೆ ಸ್ವಲ್ಪ ಕೊಡಬಹುದು. ಎಲೆ, ದೊನ್ನೆ, ಸಿಪ್ಪೆ ಗುಂಡಿಗೆ ಹಾಕಿ ಮೇಲೆ ಸಗಣಿ ಮಣ್ಣು ಮುಚ್ಚಿ.

ಮಾರನೆಯ ದಿನ

ಪಂಕ್ತಿಯಲ್ಲಿ ಯಾರೋ ಒಬ್ಬ ಅಜ್ಜಿ ಎರಡನೆಯ ಸಲ ಹಾಕಿಸಿಕೊಂಡ ಅನ್ನವನ್ನು ಅತ್ತಿತ್ತ ನೋಡಿ ಸೆರಗಿನ ತುದಿಗೆ ಕಟ್ಟಿಕೊಳ್ಳುವುದು ಬಡಿಸುವವರ ಕಣ್ಣಿಗೆ ಬೀಳುತ್ತದೆ. ಆಗ ನೋಡದ ಹಾಗೆ ಮುಂದೆ ಹೋಗಬೇಕು. ಮನೆಯಲ್ಲಿ ಎದ್ದು ಬರಲಾಗದವರು ಯಾರೋ ಇದ್ದಾರೆ ಎಂದು ಅದರ ಅರ್ಥ. ಮಾರನೆಯ ದಿನ ಗುರುತಿರುವ ಒಬ್ಬರೇ, ಬೇರೇನೋ ನೆಪ ಹೇಳಿ ಆ ಮನೆಗೆ ಹೋಗಿ ಬರಲಿ. ಬಸವಣ್ಣನವರ ಶತಮಾನದವನೇ ಆದ ಯಹೂದಿ ಪಂಡಿತ ಮೈಮೊನಿಡಿಸ್ ಕೊಡುವುದಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಕೊಟ್ಟವನಿಗೂ ಪಡೆದವನಿಗೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ಕೊಡುವುದು ಮೇಲಿನಿಂದ ಎರಡನೆಯದು. ಎಲ್ಲಕ್ಕಿಂತ ಮೇಲಿನದು, ಮತ್ತೆ ಕೇಳುವ ಪ್ರಸಂಗವೇ ಬರದ ಹಾಗೆ ಕೆಲಸವನ್ನೋ ಸಾಲವನ್ನೋ ಪಾಲುಗಾರಿಕೆಯನ್ನೋ ಕೊಡುವುದು. ಆ ಮನೆಗೆ ವೃದ್ಧಾಪ್ಯ ವೇತನ ಬರುತ್ತಿದೆಯೇ, ರೇಷನ್ ಕಾರ್ಡಿನಲ್ಲಿ ಹೆಸರು ಬಿಟ್ಟುಹೋಗಿದೆಯೇ, ಬ್ಯಾಂಕ್ ಪಾಸ್‌ಬುಕ್ ಯಾರ ಕೈಯಲ್ಲಿದೆ ಎಂದು ವಿಚಾರಿಸಿ, ಅರ್ಜಿ ಬರೆದುಕೊಟ್ಟು, ಕಚೇರಿಗೆ ಜೊತೆಯಲ್ಲಿ ಹೋಗಿ. ಇದಕ್ಕೆ ಇಡೀ ತಂಡ ಬೇಡ, ಇಬ್ಬರಿಗಿಂತ ಹೆಚ್ಚು ಜನಕ್ಕೆ ಗೊತ್ತಾಗಲೂ ಬಾರದು.

ಅದೇ ದಿನ ಖರ್ಚಿನ ಲೆಕ್ಕ ಬರೆದು ಎಲ್ಲರಿಗೂ ಕಾಣುವ ಕಡೆ ಅಂಟಿಸಿ: ಬೇಳೆ ಇಷ್ಟು, ಬೆಲ್ಲ ಇಷ್ಟು, ಗ್ಯಾಸ್ ಇಷ್ಟು, ಉಳಿದದ್ದು ಇಷ್ಟು. ಬಂದದ್ದರ ಸಾಲಿನಲ್ಲಿ ಒಟ್ಟು ಮೊತ್ತ ಮಾತ್ರ. ಖರ್ಚು ಮುಚ್ಚಿಟ್ಟರೆ ಅನುಮಾನ ಹುಟ್ಟುತ್ತದೆ, ಕೊಟ್ಟವರ ಪಟ್ಟಿ ತೆರೆದಿಟ್ಟರೆ ಪೈಪೋಟಿ ಹುಟ್ಟುತ್ತದೆ. ಬಾಡಿಗೆ ಪಾತ್ರೆಗಳನ್ನು ಎಣಿಸಿ, ಬೂದಿ ಹುಣಸೆಯಲ್ಲಿ ತಿಕ್ಕಿ, ಒರೆಸಿ ಒಣಗಿಸಿ ಹಿಂದಿರುಗಿಸಿ. ಉಳಿದ ಅಕ್ಕಿಯನ್ನು ಬೇವಿನ ಸೊಪ್ಪು ಹಾಕಿ ಡಬ್ಬಿಗೆ ತುಂಬಿಡಿ. ಮುಂದಿನ ಸಲದ ಮೊದಲ ಹಿಡಿ ಅದು.